ತಮ್ಮನ ಟ್ರಕ್ಕಿನ ನಡುಕ

ಕಳೆದ ವಾರ ಹಳೆಯ ಕಾಗದಪತ್ರಗಳನ್ನು ವಿಂಗಡಿಸುತ್ತಿದ್ದಾಗ ನೂರು ಪುಟದ ನೋಟ್‌ಬುಕ್ಕೊಂದು ಕೈಗೆ ಸಿಕ್ಕಿತು. ಅದರ ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಸಾಲು ಅಂಕಿಗಳಿವೆ. ಎಡಗಡೆ 50, 55, 60, 65. ಬಲಗಡೆ 1400, 1520, 1660, 1800. ಮನೆಯವರು ನೋಡಿ, "ಇದು ಯಾವ ಚೀಟಿಯ ಲೆಕ್ಕ?" ಎಂದು ಕೇಳಿದರು. ಚೀಟಿಯದಲ್ಲ, ತಮ್ಮನ ಟ್ರಕ್ಕಿನ ಲೆಕ್ಕ ಎಂದೆ. ಸ್ಕೂಟರಿನ ಹೊರತು ಮತ್ತೇನನ್ನೂ ಓಡಿಸದ ಮೇಷ್ಟ್ರು ಟ್ರಕ್ಕಿನ ವಿಷಯ ಬರೆಯುತ್ತಿದ್ದಾರೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಆದರೆ ತರಗತಿಯಲ್ಲಿ ಅವರಿಗೆ ಹೇಳಿಕೊಟ್ಟ ಪಾಠವನ್ನು ನಾನೇ ಮರೆತು ಕುಳಿತಿದ್ದ ಪ್ರಸಂಗವಿದು. ಅವರಿಗೆ ಹೇಳದಿದ್ದರೆ ತಪ್ಪಾದೀತು.

2019ರ ಬೇಸಿಗೆಯಲ್ಲಿ ನಾವಿಬ್ಬರೂ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಅವನು 1988ರಲ್ಲಿ ಅಲ್ಲಿಗೆ ಹೋದವನು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ನಾವು ಹೋಗುವ ಹಿಂದಿನ ವರ್ಷವಷ್ಟೇ ಅವನ ಕಂಪನಿ ಅವನಿದ್ದ ವಿಭಾಗವನ್ನೇ ಮುಚ್ಚಿತ್ತು. ಐವತ್ತಾರರ ವಯಸ್ಸಿನಲ್ಲಿ ಇನ್ನೊಂದು ಕೆಲಸ ಹುಡುಕುವ ಬದಲು ಅವನು ಮನೆಯ ಗ್ಯಾರೇಜಿನಲ್ಲಿ ಮರಗೆಲಸ ಆರಂಭಿಸಿದ್ದ. ಪುಸ್ತಕದ ಕಪಾಟು, ಅಡಿಗೆಮನೆಯ ಕಪಾಟು, ಹೀಗೆ. ಹಲಗೆ, ಪ್ಲೈವುಡ್ ತರಲು ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಂಡಿದ್ದ. 1997ರ ಮಾಡೆಲು, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಕೊಟ್ಟ ಬೆಲೆ 2,800 ಡಾಲರ್.

ಆ ಟ್ರಕ್ಕು ನಡುಗುತ್ತಿತ್ತು. ಮನೆಯಿಂದ ಹೊರಟ ಹತ್ತು ನಿಮಿಷ ಏನೂ ಇಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಗಂಟೆಗೆ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಸಣ್ಣ ಏರನ್ನು ಹತ್ತುವಾಗ, ಇಡೀ ಗಾಡಿ ಗದಗದ ನಡುಗುತ್ತಿತ್ತು. ಅಲ್ಲಿನ ಹೆದ್ದಾರಿಗಳ ಅಂಚಿನಲ್ಲಿ ನಿದ್ದೆಗಣ್ಣಿನ ಚಾಲಕರನ್ನು ಎಚ್ಚರಿಸಲು ಅಡ್ಡಡ್ಡ ಗೀರುಗಳನ್ನು ಕೊರೆದಿರುತ್ತಾರೆ. ಚಕ್ರ ಅದರ ಮೇಲೆ ಹಾದುಹೋದರೆ ಆಗುವ ಅನುಭವವೇ ಇದು. ಆಕ್ಸಿಲರೇಟರನ್ನು ಜೋರಾಗಿ ತುಳಿದರೆ ಮಾಯ. ಮತ್ತೆ ಕಾಲು ಸಡಿಲಿಸಿದರೆ ಮತ್ತೆ ಹಾಜರು.

ಹತ್ತಿರದ ಗ್ಯಾರೇಜೊಂದಕ್ಕೆ ಒಯ್ದೆವು. ಮೆಕ್ಯಾನಿಕ್ ನಮ್ಮನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿಸಿದ. ನಡುಕ ಬಂದಾಗ ಬಲಗಾಲನ್ನು ಆಕ್ಸಿಲರೇಟರಿನಿಂದ ಕದಲಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮುಟ್ಟಿದ; ಹಿಂದಿನ ಕೆಂಪು ದೀಪ ಹೊತ್ತಿಕೊಳ್ಳಬೇಕು, ಆದರೆ ಬ್ರೇಕ್ ಹಿಡಿಯಬಾರದು, ಅಷ್ಟು ಹಗುರವಾಗಿ. ಆ ಕ್ಷಣವೇ ನಡುಕ ನಿಂತಿತು. ಎಂಜಿನ್ನಿನ ಆರ್‌ಪಿಎಂ 1400ರಿಂದ 1600ಕ್ಕೆ ಏರಿತು. "ನೋಡಿದಿರಾ? ಟಾರ್ಕ್ ಕನ್ವರ್ಟರಿನ ಕ್ಲಚ್ ಹೋಗಿದೆ" ಎಂದ. ಟ್ರಾನ್ಸ್‌ಮಿಷನ್ ಇಳಿಸಬೇಕು, ಇಳಿಸಿದ ಮೇಲೆ ಅದನ್ನೂ ಬಿಚ್ಚಿ ಸರಿಮಾಡುವುದೇ ಲೇಸು, ಒಟ್ಟು 2,600 ಡಾಲರ್ ಆಗುತ್ತದೆ ಎಂದ.

ಗಾಡಿಯ ಬೆಲೆಗೆ ಹೆಚ್ಚುಕಡಿಮೆ ಸಮನಾದ ಖರ್ಚು! ಹಿಂದಿರುಗುವ ದಾರಿಯಲ್ಲಿ ನಾನು ಹೇಳಬಾರದ ಮಾತು ಹೇಳಿದೆ. "ಮಾರಿಬಿಡು. ಟ್ರಕ್ಕನ್ನೂ ಮಾರು, ಆ ಗರಗಸ ಗಿರಗಸಗಳನ್ನೂ ಮಾರು. ನಾಲ್ಕು ಕಡೆ ಅರ್ಜಿ ಹಾಕಿ ಕೆಲಸ ಹಿಡಿ." ತಮ್ಮ ಉತ್ತರಿಸಲಿಲ್ಲ. ಎರಡು ದಿನ ನನ್ನೊಡನೆ ಬೇಕಾದಷ್ಟೇ ಮಾತನಾಡಿದ.

ಇಲ್ಲಿ ಆ ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಜೀಪು, ಬಸ್ಸುಗಳಲ್ಲಿ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಕ್ಲಚ್ ಇರುತ್ತದೆ. ಚಾಲಕ ಕಾಲಿನಿಂದ ಒತ್ತಿ ಅದನ್ನು ಬಿಡಿಸುತ್ತಾನೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಆ ಜಾಗದಲ್ಲಿರುವುದು ಎಣ್ಣೆ ತುಂಬಿದ, ಕಡುಬಿನಾಕಾರದ ಲೋಹದ ಡಬ್ಬಿ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆಯಲ್ಲವೆ? ಗಾಳಿಯ ಬದಲು ಎಣ್ಣೆ ಎಂದುಕೊಳ್ಳಿ. ಎಂಜಿನ್ನಿಗೆ ಅಂಟಿದ ಫ್ಯಾನು ಇಂಪೆಲರ್. ಗೇರ್ ಪೆಟ್ಟಿಗೆಗೆ ಅಂಟಿದ್ದು ಟರ್ಬೈನ್. ಇವೆರಡರ ನಡುವೆ ಸ್ಟೇಟರ್ ಎಂಬ ಮೂರನೆಯದೊಂದಿದೆ. ಟರ್ಬೈನಿನಿಂದ ಹಿಂದಿರುಗುವ ಎಣ್ಣೆಯ ದಿಕ್ಕನ್ನು ಅದು ತಿರುಗಿಸಿ ಮತ್ತೆ ಇಂಪೆಲರಿಗೆ ನೆರವಾಗುವಂತೆ ಕಳುಹಿಸುತ್ತದೆ. ಇದರಿಂದಲೇ ಗಾಡಿ ನಿಂತ ಸ್ಥಿತಿಯಿಂದ ಹೊರಡುವಾಗ ತಿರುಚುಬಲ ಸುಮಾರು ಎರಡು ಪಟ್ಟಾಗುವುದು. ಜರ್ಮನಿಯ ಹೆರ್ಮನ್ ಫೋಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಮನಸ್ಸಿನಲ್ಲಿದ್ದುದು ಕಾರಲ್ಲ, ಹಡಗು. ವೇಗವಾಗಿ ತಿರುಗುವ ಉಗಿ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲರಿಗೆ ಜೋಡಿಸುವುದು ಅವನ ಸಮಸ್ಯೆಯಾಗಿತ್ತು.

ಆದರೆ ಎಣ್ಣೆಯ ಮೂಲಕ ನಡೆಯುವ ವ್ಯವಹಾರದಲ್ಲಿ ಸ್ವಲ್ಪ ಸೋರಿಕೆ ತಪ್ಪದು. ಸಮ ವೇಗದಲ್ಲಿ ಓಡುವಾಗಲೂ ಎರಡನೆಯ ಫ್ಯಾನು ಮೊದಲನೆಯದಕ್ಕಿಂತ ತುಸು ಹಿಂದೆಯೇ ಬೀಳುತ್ತದೆ. ಆ ವ್ಯತ್ಯಾಸವೆಲ್ಲ ಶಾಖವಾಗಿ ಎಣ್ಣೆಯನ್ನು ಕಾಯಿಸುತ್ತದೆ, ಪೆಟ್ರೋಲನ್ನು ತಿನ್ನುತ್ತದೆ. ಇದನ್ನು ತಪ್ಪಿಸಲು ಡಬ್ಬಿಯೊಳಗೇ ಒಂದು ಕ್ಲಚ್ ತಟ್ಟೆ ಇಡುತ್ತಾರೆ. ಗಾಡಿ ವೇಗ ಪಡೆದ ಮೇಲೆ ಎಣ್ಣೆಯ ಒತ್ತಡ ಆ ತಟ್ಟೆಯನ್ನು ಡಬ್ಬಿಯ ಗೋಡೆಗೆ ಒತ್ತಿಹಿಡಿಯುತ್ತದೆ. ಎಂಜಿನ್ನೂ ಗೇರ್ ಪೆಟ್ಟಿಗೆಯೂ ನೇರವಾಗಿ ಬೆಸೆದುಕೊಳ್ಳುತ್ತವೆ. ಪ್ಯಾಕರ್ಡ್ ಕಂಪನಿ 1949ರಲ್ಲಿಯೇ ಇದನ್ನು ಮಾಡಿತ್ತು. 1970ರ ದಶಕದಲ್ಲಿ ತೈಲದ ಬೆಲೆ ಗಗನಕ್ಕೇರಿದ ಮೇಲೆ ಉಳಿದವರಿಗೂ ಇದು ಬೇಕಾಯಿತು. ತಮ್ಮನ ಟ್ರಕ್ಕಿನಲ್ಲಿ ಈ ಬೆಸುಗೆಯನ್ನು ಆಳುವುದು ಕಂಪ್ಯೂಟರ್. ಎಂಜಿನ್ ಕಾದಿದೆಯೆ, ವೇಗ ಸಾಕಷ್ಟಿದೆಯೆ, ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದೆಲ್ಲ ನೋಡಿ ಅದು ಬೆಸೆಯುತ್ತದೆ. ಬ್ರೇಕ್ ಪೆಡಲ್ ಮುಟ್ಟಿದೊಡನೆ ಬಿಡಿಸುತ್ತದೆ. ಇಲ್ಲದಿದ್ದರೆ, ಕ್ಲಚ್ ಒತ್ತದೆ ಬಸ್ಸು ನಿಲ್ಲಿಸಹೋದಂತೆ, ಗಾಡಿ ನಿಲ್ಲುವಾಗ ಎಂಜಿನ್ ಆರಿಹೋದೀತು. ಕ್ಲಚ್ ಬಿಡದೆ ಸಿಕ್ಕಿಕೊಂಡ ಗಾಡಿಗಳಲ್ಲಿ ಆಗುವುದೂ ಹಾಗೆಯೇ.

ಮೂರನೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ ತಮ್ಮ ಇದ್ದಕ್ಕಿದ್ದಂತೆ ಕೇಳಿದ: "ಅಣ್ಣ, ಎರಡು ಬೇರೆ ಬೇರೆ ಕಾರಣಗಳು ಒಂದೇ ಲಕ್ಷಣ ತೋರಿಸಿದರೆ ಏನು ಮಾಡಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಯಾರು?"

"ನಾನೇ ಇರಬೇಕು" ಎಂದೆ.

"ಬ್ರೇಕ್ ಮುಟ್ಟಿದಾಗ ನಡುಕ ನಿಂತಿತು. ಅದರಿಂದ ಗೊತ್ತಾಗುವುದು ಕ್ಲಚ್ ಬೆಸೆದುಕೊಂಡಿದ್ದಾಗ ನಡುಕ ಬರುತ್ತದೆ ಎನ್ನುವುದು ಮಾತ್ರ. ಕ್ಲಚ್ಚೇ ನಡುಗುತ್ತಿದೆ ಎಂದು ಹೇಗೆ ಹೇಳುತ್ತೀಯ? ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ?"

ನನಗೆ ತುತ್ತು ಗಂಟಲಲ್ಲೇ ನಿಂತಿತು. ಅವನು ಹೇಳಿದ್ದು ಸರಿ. ಎಂಟು ಸಿಲಿಂಡರುಗಳಲ್ಲಿ ಒಂದು ಆಗಾಗ ಉರಿಯದೆ ಹೋದರೆ ಎಂಜಿನ್ ಜಗ್ಗುತ್ತದೆ. ನಡುವೆ ಎಣ್ಣೆ ಇರುವಾಗ ಆ ಜಗ್ಗಾಟವನ್ನು ಎಣ್ಣೆ ನುಂಗಿಕೊಳ್ಳುತ್ತದೆ. ಕುಳಿತವರಿಗೆ ತಿಳಿಯುವುದೇ ಇಲ್ಲ. ಬೆಸುಗೆಯಾದ ಮೇಲೆ ಪ್ರತಿಯೊಂದು ಜಗ್ಗಾಟವೂ ನೇರವಾಗಿ ಚಕ್ರಕ್ಕೆ, ಸೀಟಿಗೆ ಬರುತ್ತದೆ. ಇನ್ನೂ ಒಂದು ವಿಷಯವಿದೆ, ಅದೇ ಮುಖ್ಯ. ಬೆಸುಗೆಯಾದೊಡನೆ ಆರ್‌ಪಿಎಂ ಇಳಿಯುತ್ತದೆ. ಅದೇ ಶಕ್ತಿಯನ್ನು ಕಡಿಮೆ ಸುತ್ತುಗಳಲ್ಲಿ ಕೊಡಬೇಕಾದರೆ ಪ್ರತಿ ಸುತ್ತಿನಲ್ಲೂ ಎಂಜಿನ್ ಹೆಚ್ಚು ದುಡಿಯಬೇಕು. ಸಿಲಿಂಡರಿನೊಳಗೆ ಹೆಚ್ಚು ಮಿಶ್ರಣ, ಹೆಚ್ಚು ಒತ್ತಡ. ಒತ್ತಡ ಹೆಚ್ಚಿದಷ್ಟೂ ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಳೆಯ ಪ್ಲಗ್ ವೈರು ಸೋರುವುದು ಸರಿಯಾಗಿ ಆ ಗಳಿಗೆಯಲ್ಲಿಯೇ. ಕ್ಲಚ್ಚಿನ ದೋಷವೂ ಪ್ಲಗ್ ವೈರಿನ ದೋಷವೂ ಒಂದೇ ವೇಗದಲ್ಲಿ, ಒಂದೇ ಏರಿನಲ್ಲಿ, ಒಂದೇ ರೀತಿ ಕಾಣಿಸಿಕೊಳ್ಳುತ್ತವೆ. ಮೊದಲನೆಯದಕ್ಕೆ ಸಾವಿರಾರು ಡಾಲರ್, ಎರಡನೆಯದಕ್ಕೆ ನೂರು ಚಿಲ್ಲರೆ.

ಮೂವತ್ತು ವರ್ಷ ಮಕ್ಕಳಿಗೆ ಭೌತವಿಜ್ಞಾನ ಹೇಳಿದ ನಾನು ಮೊದಲ ಪ್ರಯೋಗಕ್ಕೇ ತೀರ್ಮಾನ ಕೊಟ್ಟಿದ್ದೆ. ಅದೂ ಗಾಡಿಯ ಬಗ್ಗೆ ಮಾತ್ರವಲ್ಲ.

ಮರುದಿನದಿಂದ ನಾವು ಕ್ರಮವಾಗಿ ಕೆಲಸಕ್ಕೆ ತೊಡಗಿದೆವು. ಖರ್ಚಿಲ್ಲದ ಪರೀಕ್ಷೆ ಮೊದಲು. ಗಾಡಿ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಕಾದು ಚಾಲನೆಯಲ್ಲಿರುವಾಗ, ಗೇರ್ ಪಾರ್ಕಿನಲ್ಲಿಟ್ಟು ಟ್ರಾನ್ಸ್‌ಮಿಷನ್ನಿನ ಕಡ್ಡಿ ಎಳೆದು ಎಣ್ಣೆಯನ್ನು ಬಿಳಿಯ ಕಾಗದದ ಮೇಲೆ ತೊಟ್ಟಿಕ್ಕಿಸಿದೆವು. (ಎಲ್ಲ ಗಾಡಿಗಳಲ್ಲೂ ಪಾರ್ಕ್ ಅಲ್ಲ, ಕೆಲವಕ್ಕೆ ನ್ಯೂಟ್ರಲ್. ಗಾಡಿಯ ಪುಸ್ತಕ ನೋಡಬೇಕು.) ಹೊಸ ಎಣ್ಣೆ ದಾಸವಾಳದ ಕೆಂಪು. ಕ್ಲಚ್ ಸುಟ್ಟಿದ್ದರೆ ಕಪ್ಪಾಗಿ, ಸೀದ ವಾಸನೆ ಬರುತ್ತದೆ. ನಮ್ಮದು ಕಂದುಗೆಂಪು, ಹಳೆಯದಾಗಿತ್ತು, ಆದರೆ ಸೀದಿರಲಿಲ್ಲ.

ಎರಡನೆಯದು ನನ್ನ ಪಾಲಿನ ಕೆಲಸ. ಮರದಂಗಡಿಗೆ ಹೋಗುವ ಹೆದ್ದಾರಿಯಲ್ಲಿ, ಸಿನ್ಸಿನಾಟಿಯ ಕಡೆಗೆ ಹೋಗುವ ಇಂಟರ್‌ಸ್ಟೇಟ್ 71ರಲ್ಲಿ, ತಮ್ಮ ಓಡಿಸುತ್ತ ವೇಗವನ್ನು ಸ್ಥಿರವಾಗಿ ಹಿಡಿಯುವುದು. ನಾನು ಆರ್‌ಪಿಎಂ ಬರೆದುಕೊಳ್ಳುವುದು. ಎರಡೂ ಬದಿಗೆ ಮುಗಿಯದ ಜೋಳದ ಹೊಲ. ಕ್ಲಚ್ ಜಾರದೆ ಹಿಡಿದಿದ್ದರೆ, ಗೇರು ಬದಲಾಗದಿರುವಾಗ, ಆರ್‌ಪಿಎಂ ವೇಗಕ್ಕೆ ಸರಿಯಾದ ಅನುಪಾತದಲ್ಲಿರಲೇಬೇಕು. ಮನೆಗೆ ಬಂದು ತಮ್ಮನ ಮಗಳ ಹಳೆಯ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನಿಟ್ಟೆ. ಎಲ್ಲವೂ ಮೂಲಬಿಂದುವಿನಿಂದ ಹೊರಟ ಒಂದೇ ಸರಳರೇಖೆಯ ಮೇಲೆ ಕುಳಿತವು! ನಡುಕ ಇದ್ದಾಗ ಬರೆದುಕೊಂಡ ಬಿಂದುಗಳೂ ಅಲ್ಲಿಯೇ ಇದ್ದವು. ಕ್ಲಚ್ ಜಾರುತ್ತಿದ್ದರೆ ಆ ಬಿಂದುಗಳು ರೇಖೆಯ ಮೇಲ್ಗಡೆ ಇರಬೇಕಿತ್ತು. ಇದರಿಂದ ಎಲ್ಲ ಸಂಶಯವೂ ಪರಿಹಾರವಾಗದು. ಮೀಟರಿನ ಮುಳ್ಳು ಒರಟು ಸಾಧನ, ಕ್ಲಚ್ಚಿನ ಹಿಡಿದು-ಬಿಟ್ಟು ಹಿಡಿಯುವ ಸಣ್ಣ ಕಂಪನ ಅದರಲ್ಲಿ ಕಾಣದಿರಬಹುದು. ನಂತರದ ವರ್ಷಗಳ ಕೆಲವು ಗಾಡಿಗಳಲ್ಲಿ ಬೇಕೆಂದೇ ತುಸು ಜಾರಲು ಬಿಡುವುದೂ ಉಂಟಂತೆ. ಆದರೂ ತಮ್ಮ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕುಳಿತ. ಆಮೇಲೆ ಟ್ರಕ್ಕಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ.

ಮೂರನೆಯದಕ್ಕೆ ಇಪ್ಪತ್ತೈದು ಡಾಲರ್ ಖರ್ಚಾಯಿತು. 1996ರ ಮಾಡೆಲಿನಿಂದೀಚೆಗೆ ಅಮೆರಿಕದಲ್ಲಿ ಮಾರುವ ಕಾರು, ಸಣ್ಣ ಟ್ರಕ್ಕುಗಳಿಗೆಲ್ಲ ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದೇ ಬಗೆಯ ಸಾಕೆಟ್ ಇರಬೇಕೆಂಬ ಕಾನೂನಿದೆ. ಅಲ್ಲಿಗೆ ಸಿಕ್ಕಿಸುವ ಸಣ್ಣ ಉಪಕರಣ ಕಂಪ್ಯೂಟರ್ ಬರೆದಿಟ್ಟುಕೊಂಡ ದೂರುಗಳನ್ನು ಸಂಕೇತದಲ್ಲಿ ತೋರಿಸುತ್ತದೆ. ಪಿ 0741 ಎಂದಿದ್ದರೆ ಕನ್ವರ್ಟರ್ ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ ಎಂದರ್ಥ. ಅದು ಇರಲಿಲ್ಲ. ಬದಲಿಗೆ, ಎಚ್ಚರಿಕೆಯ ದೀಪ ಹೊತ್ತಿಸುವಷ್ಟು ಇನ್ನೂ ಬಲಿಯದ, ಬಾಕಿ ಉಳಿದ ದೂರೊಂದಿತ್ತು: ಪಿ 0306. ಈ ಸರಣಿಯಲ್ಲಿ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಆರನೆಯ ಸಿಲಿಂಡರ್ ಮಿಸ್ಸಿಂಗ್.

ಕೊನೆಯ ಪರೀಕ್ಷೆಯನ್ನು ನಾನು ಎಂದೂ ಮರೆಯಲಾರೆ. ರಾತ್ರಿ ಹತ್ತು ಗಂಟೆಗೆ, ಮನೆಯ ಮುಂದಿನ ದೀಪಗಳನ್ನೆಲ್ಲ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿದ. ಗಿಡಗಳಿಗೆ ನೀರು ಸಿಂಪಡಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಮಂಜಿನಂತೆ ನೀರು ಹಾಯಿಸಿದ. "ಕೈ ಹಿಂದೆ ಕಟ್ಟಿಕೊಂಡು ನಿಲ್ಲು ಅಣ್ಣ" ಎಂದ. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್. ಮೊದಲು ಏನೂ ಕಾಣಲಿಲ್ಲ. ಮತ್ತೊಮ್ಮೆ ಸಿಂಪಡಿಸಿದಾಗ, ಬಿಸಿ ಹೊಗೆಕೊಳವೆಯ ಪಕ್ಕದಲ್ಲಿ, ವೈರೊಂದರ ಬಾಗಿನಲ್ಲಿ, ಹುಲ್ಲಿನಲ್ಲಿ ಮಿಂಚುಹುಳು ಹೊಳೆದಂತೆ ನೀಲಿ ಕಿಡಿ ಚಟ್ ಎಂದು ಹಾರಿತು. ಮತ್ತೆ ಹಾರಿತು. ಆರನೆಯದೇ. ವೈರಿನ ಹೊದಿಕೆ ಹೊಗೆಕೊಳವೆಗೆ ತಾಗಿ ಸುಟ್ಟುಹೋಗಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲಿಯೇ ಲೋಹಕ್ಕೆ ಹಾರುತ್ತಿತ್ತು.

"ಸಿಕ್ಕಿತು" ಎಂದು ಕೂಗಿದವನು ನಾನೋ ಅವನೋ ನೆನಪಿಲ್ಲ. ಒಳಗಿನಿಂದ ಹೆಂಗಸರಿಬ್ಬರೂ ಗಾಬರಿಯಿಂದ ಓಡಿಬಂದರು. ಕತ್ತಲೆಯಲ್ಲಿ ಇಬ್ಬರು ಮುದುಕರು ಟ್ರಕ್ಕಿಗೆ ಅಭಿಷೇಕ ಮಾಡುತ್ತ ನಿಂತಿದ್ದನ್ನು ಕಂಡು ಅವರಿಗೆ ಏನೆನಿಸಿತೋ.

ವೈರುಗಳ ಇಡೀ ಸೆಟ್, ಎಂಟು ಪ್ಲಗ್, ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ರೋಟರ್, ಎಲ್ಲ ಸೇರಿ ನೂರೈವತ್ತು ಡಾಲರಿನ ಒಳಗೆ ಬಂದವು. ಎರಡು ಭಾನುವಾರಗಳ ಕೆಲಸ. ಕೆಳಗಿನ ತಟ್ಟೆ ಬಿಚ್ಚಿ ಟ್ರಾನ್ಸ್‌ಮಿಷನ್ನಿನ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿದೆವು. ತಟ್ಟೆಯಲ್ಲಿನ ಅಯಸ್ಕಾಂತಕ್ಕೆ ನುಣುಪಾದ ಬೂದು ಕೆಸರು ಮಾತ್ರ ಮೆತ್ತಿಕೊಂಡಿತ್ತು. ಅದು ಸಹಜ, ಲೋಹದ ಚೂರುಗಳಿದ್ದರೆ ಆತಂಕ. ಹೀಗೆ ಬದಲಾಯಿಸಿದಾಗ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕನ್ವರ್ಟರಿನ ಹೊಟ್ಟೆಯಲ್ಲಿಯೇ ಉಳಿಯುತ್ತದೆಂದೂ ಆಗ ತಿಳಿಯಿತು.

ನಡುಕ ಹೋಯಿತೆ? ಹೆದ್ದಾರಿಯ ಆ ದೊಡ್ಡ ನಡುಕ ಪೂರ್ತಿ ಹೋಯಿತು. ಆದರೆ ಕ್ಲಚ್ ಹಿಡಿಯುವ ಗಳಿಗೆಯಲ್ಲಿ, ಒಂದೇ ಒಂದು ಸೆಕೆಂಡು, ಮೈ ಜುಮ್ಮೆಂದಂತೆ ಸಣ್ಣ ಕಂಪನ ಉಳಿಯಿತು. ಅದು ಕ್ಲಚ್ಚಿನದೇ. ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದು ಪಾಲು ನಿಜವಿತ್ತು ಎಂದು ಈಗಲೂ ಭಾವಿಸುತ್ತೇನೆ.

ಅಕ್ಟೋಬರಿನಲ್ಲಿ ನಾವು ಹೊರಡುವ ಹಿಂದಿನ ದಿನ ಮರದಂಗಡಿಯಿಂದ ಬರುತ್ತ ನಾನು ಮಾತು ತೆಗೆದೆ. ಆ ದಿನ ಹಾಗೆ ಹೇಳಬಾರದಿತ್ತು ಎಂದೆ. ತಮ್ಮ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ: "ಮೂವತ್ತು ವರ್ಷ ಭಾನುವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿದೆವು. ಚೆನ್ನಾಗಿದ್ದೀಯ, ಚೆನ್ನಾಗಿದ್ದೇನೆ. ಆಗ ನೀನು ಹೀಗೆ ಒಂದು ಮಾತೂ ಬೈದಿರಲಿಲ್ಲ. ನನಗೆ ಅದೇ ಬೇಸರವಾಗಿತ್ತು." ಬೇರೇನನ್ನೂ ಹೇಳಲಿಲ್ಲ. ಹಿಂದೆ ಹಲಗೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

2022ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಭಾನುವಾರವಲ್ಲದ ದಿನ, ಅವನ ಫೋನ್ ಬಂತು. "ಅಣ್ಣ, ರೇಖೆ ಬಿಟ್ಟು ಹೋಗಿದೆ" ಎಂದ. ಹಿಂದೆಯೇ ಗ್ರಾಫ್ ಹಾಳೆಯ ಚಿತ್ರ ಕಳುಹಿಸಿದ. ನನ್ನ ಪೆನ್ಸಿಲ್ ಗೆರೆಯ ಮೇಲ್ಗಡೆ ನೀಲಿ ಶಾಯಿಯ ಮೂರು ಹೊಸ ಬಿಂದುಗಳು. 60 ಮೈಲಿಗೆ 1660 ಇರಬೇಕಾದದ್ದು 1850 ಆಗಿತ್ತು. ಬ್ರೇಕ್ ಪೆಡಲಿನ ಸ್ವಿಚ್ ಕೆಟ್ಟು, ಕಾಲು ಪೆಡಲಿನ ಮೇಲಿದೆ ಎಂದು ಕಂಪ್ಯೂಟರ್ ಮೋಸಹೋಗಿರಬಹುದು, ನೋಡು ಎಂದೆ. ನೋಡಿಯಾಗಿದೆ, ದೀಪ ಸರಿಯಾಗಿ ಆರುತ್ತದೆ ಎಂದ. ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಕಾಯದೆ ಹೋದರೂ ಕ್ಲಚ್ ಬೆಸೆಯುವುದಿಲ್ಲ ಎಂದೆ. ಅದೂ ನೋಡಿಯಾಗಿದೆ. ಈ ಸಲ ಉಪಕರಣ ತೋರಿಸಿದ್ದು ಪಿ 0741. ಎಣ್ಣೆ ಸೀದಿತ್ತು.

ಕಪಾಟುಗಳ ದುಡ್ಡಿನಲ್ಲಿ ಕನ್ವರ್ಟರ್ ಬದಲಾಯಿಸಿ ಟ್ರಾನ್ಸ್‌ಮಿಷನ್ ಬಿಚ್ಚಿಸಿ ಸರಿಮಾಡಿಸಿದ. ಮೊದಲು ಹೋಗಿದ್ದ ಗ್ಯಾರೇಜಿನಲ್ಲಿಯೇ. ಹೊಸದು ಹಾಕಿಸಿದ ಮೇಲೆ ಓಡಿಸಿ ಅಂಕಿಗಳನ್ನು ಕಳುಹಿಸು ಎಂದಿದ್ದೆ. ಎರಡು ದಿನಗಳ ನಂತರ ಬಂದವು. ಈ ನೋಟ್‌ಬುಕ್ಕಿನ ಅದೇ ಮೊದಲ ಪುಟದ ಕೆಳಭಾಗದಲ್ಲಿ ಬರೆದುಕೊಂಡಿದ್ದೇನೆ: 50ಕ್ಕೆ 1400, 60ಕ್ಕೆ 1660.